ಖಾಲಿ ಉಳಿದ ಸಾಲುಗಳು: ಇಥಾಕಾದಿಂದ ರಿಚ್ಮಂಡಿನವರೆಗೆ ಐದು ದಿನ

ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ, ಮಗಳ ಜೊತೆ ವಾಸವಾಗಿರುವ ಕಪ್ಪು ಅಮೆರಿಕನ್ ಮೇಷ್ಟ್ರಿಗೆ ಈಗ ಎಂಬತ್ತೆರಡು ವರ್ಷ. ವರ್ಜೀನಿಯಾದ ರಿಚ್ಮಂಡ್ ನಗರದ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರು ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದರು. ತಮ್ಮ ಹೆಸರನ್ನು ಎಲ್ಲಿಯೂ ಬರೆಯಕೂಡದೆಂದು ಹೇಳಿರುವುದರಿಂದ ನಮ್ಮ ಮನೆಯಲ್ಲಿ ನಾವೆಲ್ಲ ಕರೆಯುವಂತೆ ಮೇಷ್ಟ್ರು ಎಂದೇ ಬರೆಯುತ್ತೇನೆ. ನನ್ನ ಮಗ ಏಳನೆಯ ತರಗತಿಯಲ್ಲಿ ಬೀಜಗಣಿತಕ್ಕೆ ಹೆದರಿ ಶಾಲೆಯ ಚೀಲವನ್ನೇ ಮುಟ್ಟದಿದ್ದ ದಿನಗಳಲ್ಲಿ, ಊರಿನ ಗ್ರಂಥಾಲಯದ ಮೂಲೆಯ ಮೇಜಿನ ಬಳಿ ಶನಿವಾರದ ಬೆಳಗ್ಗೆ ಒಂಬತ್ತಕ್ಕೆ ಅವನನ್ನು ಕೂರಿಸಿಕೊಂಡವರು ಇವರು. ಮುಂದೆ ನಮ್ಮ ಕನ್ನಡ ಕೂಟದ ಹತ್ತಾರು ಮಕ್ಕಳು ಅದೇ ಮೇಜಿಗೆ ಬಂದರು. ಒಂದು ಡಾಲರನ್ನೂ ಅವರು ಯಾರಿಂದಲೂ ಮುಟ್ಟಲಿಲ್ಲ.

ಮೇಷ್ಟ್ರು ಆಲ್ಫಾ ಫೈ ಆಲ್ಫಾ ಎಂಬ ಭ್ರಾತೃಸಂಘದ ಸದಸ್ಯರು. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಫ್ರಟರ್ನಿಟಿಗಳು, ಅಂದರೆ ವಿದ್ಯಾರ್ಥಿಗಳ ಇಂಥ ಸಂಘಗಳು, ಬಹಳ ಇವೆ. ಆದರೆ ಕಪ್ಪು ವಿದ್ಯಾರ್ಥಿಗಳು ಕಟ್ಟಿದ ಫ್ರಟರ್ನಿಟಿಗಳ ರೀತಿಯೇ ಬೇರೆ: ಅಲ್ಲಿ ಸದಸ್ಯತ್ವ ಕಾಲೇಜಿನೊಂದಿಗೆ ಮುಗಿಯುವುದಿಲ್ಲ. ಪದವಿ ಪಡೆದು, ಕೆಲಸ ಹಿಡಿದು, ಮೊಮ್ಮಕ್ಕಳನ್ನು ಕಂಡ ಮೇಲೂ ಊರೂರಿನ ಹಿರಿಯರ ಶಾಖೆಗಳಲ್ಲಿ ದುಡಿಯುತ್ತಲೇ ಇರುತ್ತಾರೆ. ಮೇಷ್ಟ್ರು 1962ರಲ್ಲಿ ಸದಸ್ಯರಾದವರು. ರಿಚ್ಮಂಡಿನಲ್ಲಿ ತಮ್ಮ ಶಾಖೆಯನ್ನು ಎರಡು ಬಾರಿ ಮುನ್ನಡೆಸಿ, ಮನೆಮನೆಗೆ ಹೋಗಿ ಮತದಾರರನ್ನು ನೋಂದಾಯಿಸಿ, ಹುಡುಗರನ್ನು ಕಾಲೇಜಿಗೆ ಹಚ್ಚುವ ಕೆಲಸವನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದವರು. ಕಳೆದ ಅಕ್ಟೋಬರಿನಲ್ಲಿ ಅವರನ್ನು ಸನ್ಮಾನಿಸುವುದೆಂದು ರಿಚ್ಮಂಡಿನ ಹಳೆಯ ಗೆಳೆಯರು ನಿಶ್ಚಯಿಸಿದಾಗ ಅವರು ಒಪ್ಪಿಕೊಂಡರು, ಆದರೆ ಅದಕ್ಕೆ ಮೊದಲು ತಮ್ಮ ಸಂಘ ಹುಟ್ಟಿದ, ನ್ಯೂಯಾರ್ಕ್ ರಾಜ್ಯದ ಇಥಾಕಾ ಊರನ್ನು ಒಮ್ಮೆ ನೋಡಬೇಕೆಂದರು. ರಿಚ್ಮಂಡ್ ನಮ್ಮಿಂದ ದಕ್ಷಿಣಕ್ಕೆ, ಇಥಾಕಾ ವಾಯವ್ಯಕ್ಕೆ. ಮಗಳಿಗೆ ಆಸ್ಪತ್ರೆಯ ಕೆಲಸದಿಂದ ರಜೆ ಸಿಗಲಿಲ್ಲವಾದ್ದರಿಂದ ಕಾರು ಓಡಿಸುವ ಭಾಗ್ಯ ನನ್ನದಾಯಿತು.

ಮೊದಲನೆಯ ದಿನ

ಬೆಳಗ್ಗೆ ಎಂಟಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಎರಡು ಸಾಮಾನುಗಳಿದ್ದವು. ಒಂದು, ಕನ್ನಡ ಕೂಟದವರು ನನ್ನ ಕೈಗೆ ಕೊಟ್ಟಿದ್ದ ಶಾಲು ಮತ್ತು ಹಾವೇರಿಯ ಏಲಕ್ಕಿ ಹಾರವಿದ್ದ ಪೆಟ್ಟಿಗೆ. ಇನ್ನೊಂದು, ಮೇಷ್ಟ್ರ ಕಂದು ಬಣ್ಣದ ಚರ್ಮದ ಚೀಲ. ಡೆಲವೇರ್ ನದಿ ಬೆಟ್ಟವನ್ನು ಸೀಳಿಕೊಂಡು ಹರಿಯುವ ಕಣಿವೆಯನ್ನು ದಾಟಿ ಪೆನ್ಸಿಲ್ವೇನಿಯಾದೊಳಗೆ ಹೋಗುವಷ್ಟರಲ್ಲಿ ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು, ಕಾರಿನೊಳಗೆ ಏಲಕ್ಕಿಯ ಪರಿಮಳ ತುಂಬಿತ್ತು.

ಸ್ಕ್ರ್ಯಾಂಟನ್ ಊರಿನ ಬಳಿ ಕಾಫಿಗೆಂದು ನಿಂತಾಗ ಮೇಷ್ಟ್ರು ಚೀಲದಿಂದ ಮೂರು ಉದ್ದನೆಯ ಲೆಕ್ಕದ ಪುಸ್ತಕಗಳನ್ನು ತೆಗೆದರು. ನಮ್ಮ ಊರಿನ ಕಿರಾಣಿ ಅಂಗಡಿಗಳಲ್ಲಿ ಉದ್ದರಿ ಬರೆಯುತ್ತಿದ್ದಂಥ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಪುಸ್ತಕಗಳು. ಪುಟಕ್ಕೆ ನಾಲ್ಕು ಕಾಲಮ್ಮು: ಹುಡುಗನ ಹೆಸರು, ಶಾಲೆ, ಮೊದಲು ಬಂದ ದಿನ, ಕಾಲೇಜು ಸೇರಿದ ದಿನ. 1978ರಿಂದ ತಮ್ಮ ಬಳಿಗೆ ಬಂದ ಪ್ರತಿಯೊಬ್ಬ ಹುಡುಗನ ಹೆಸರೂ ಅಲ್ಲಿತ್ತು. ಬರವಣಿಗೆ ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಅಚ್ಚುಕಟ್ಟು. ಬಹುತೇಕ ಸಾಲುಗಳಲ್ಲಿ ನಾಲ್ಕನೆಯ ಕಾಲಮ್ಮು ತುಂಬಿತ್ತು. ಕೆಲವು ಸಾಲುಗಳಲ್ಲಿ ಖಾಲಿ. ನಾನು ತುಂಬಿದ ಸಾಲುಗಳನ್ನು ನೋಡಿ ಸಂತೋಷ ಹೇಳುತ್ತಿದ್ದರೆ ಅವರ ಬೆರಳು ಖಾಲಿ ಸಾಲುಗಳ ಮೇಲೇ ನಿಲ್ಲುತ್ತಿತ್ತು. “ಇವನ ತಂದೆಗೆ ಜೈಲಾಯಿತು, ಇವನೇ ಮನೆ ನೋಡಿಕೊಳ್ಳಬೇಕಾಯಿತು. ಇವನಿಗೆ ನನ್ನ ಮಾತು ಚುಚ್ಚಿತು, ಮತ್ತೆ ಬರಲಿಲ್ಲ. ತಪ್ಪು ನನ್ನದು,” ಎಂದರು. ಪ್ರತಿ ಖಾಲಿ ಜಾಗಕ್ಕೂ ಅವರ ಬಳಿ ಒಂದು ವಿವರಣೆಯಿತ್ತು. ಮೂವತ್ತು ವರ್ಷದ ಹಿಂದಿನದು ಕೂಡ ನೆನ್ನೆಯದೆಂಬಂತೆ ನೆನಪಿತ್ತು.

ಮಧ್ಯಾಹ್ನ ಇಥಾಕಾ ಮುಟ್ಟಿದೆವು. ಕಾಯುಗಾ ಸರೋವರದ ದಕ್ಷಿಣ ತುದಿಯಲ್ಲಿ, ಗುಡ್ಡಗಳ ನಡುವೆ ಕುಳಿತ ಊರು. ಕಾರ್ನೆಲ್ ವಿಶ್ವವಿದ್ಯಾಲಯ ಪೂರ್ವದ ಗುಡ್ಡದ ನೆತ್ತಿಯ ಮೇಲಿದೆ. ಆದರೆ ಮೇಷ್ಟ್ರು ಮೊದಲು ಗುಡ್ಡ ಹತ್ತುವುದು ಬೇಡವೆಂದರು. 1906ರಲ್ಲಿ ಕಪ್ಪು ವಿದ್ಯಾರ್ಥಿಗಳು ಓದುತ್ತಿದ್ದುದು ಮೇಲೆ, ವಾಸವಾಗಿದ್ದುದು ಕೆಳಗೆ. ಊರಿನ ಕಪ್ಪು ಕುಟುಂಬಗಳು ಅವರಿಗೆ ಕೋಣೆ ಕೊಟ್ಟು, ಊಟ ಹಾಕಿ, ಮನೆಯ ಮಕ್ಕಳಂತೆ ನೋಡಿಕೊಂಡವು. ನಾರ್ತ್ ಆಲ್ಬನಿ ಬೀದಿಯ 421ನೆಯ ನಂಬರಿನ ಮನೆಯಲ್ಲಿದ್ದ ಸಿಂಗಲ್‌ಟನ್ ದಂಪತಿಗಳ ಹೆಸರನ್ನು ಭ್ರಾತೃಸಂಘದವರು ಇವತ್ತಿಗೂ ಕೃತಜ್ಞತೆಯಿಂದ ಹೇಳುತ್ತಾರೆ, ಏಕೆಂದರೆ ಹುಡುಗರು ಸೇರುತ್ತಿದ್ದ ಮನೆಗಳಲ್ಲಿ ಅದೂ ಒಂದು. ಆ ಬೀದಿಯಲ್ಲಿ ಮೇಷ್ಟ್ರು ಕೋಲೂರಿಕೊಂಡು ನಿಧಾನವಾಗಿ ನಡೆದರು. ಹತ್ತಿರದಲ್ಲೇ ಸೇಂಟ್ ಜೇಮ್ಸ್ ಎ.ಎಂ.ಇ. ಜಿಯಾನ್ ಚರ್ಚಿದೆ. 1830ರ ದಶಕದ ಈ ಚಿಕ್ಕ ಚರ್ಚು, ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾದತ್ತ ಹೋಗುವವರಿಗೆ ತಂಗುದಾಣವಾಗಿತ್ತು. ಗುಪ್ತ ದಾರಿಯ ಆ ನೆರವಿನ ಸರಪಳಿಯನ್ನು ಇತಿಹಾಸದಲ್ಲಿ ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂದು ಕರೆಯುತ್ತಾರೆ. ಅಂಥ ಆಸರೆಯ ಅಭ್ಯಾಸವಿದ್ದ ಕೇರಿಗೆ ಓದಲು ಬಂದ ಹುಡುಗರನ್ನು ಸಾಕುವುದು ಹೊಸ ಕೆಲಸವೇನೂ ಆಗಿರಲಿಲ್ಲವೆಂದು ನನಗೆ ತೋರಿತು.

ಎರಡನೆಯ ದಿನ

ಬೆಳಗ್ಗೆ ಮಂಜು ಹರಿದ ಮೇಲೆ ಗುಡ್ಡ ಹತ್ತಿದೆವು. ಮೇಷ್ಟ್ರು ಕಪ್ಪು ಕೋಟು ಹಾಕಿ, ಅದರ ಮೇಲೆ ಹಳೆಯ ಚಿನ್ನದ ಬಣ್ಣದ ಟೈ ಕಟ್ಟಿದ್ದರು. ಅವೆರಡೂ ಅವರ ಸಂಘದ ಬಣ್ಣಗಳು. ಬಾರ್ನ್ಸ್ ಹಾಲ್ ಎಂಬ ಕಟ್ಟಡದ ಬಳಿ ಸಂಘದ ಶತಮಾನೋತ್ಸವದ ನೆನಪಿಗಾಗಿ ಕಟ್ಟಿದ, ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಗೋಡೆ ಮತ್ತು ಕೂರುವ ಕಲ್ಲುಗಳಿವೆ. ಜೆ ಎಂದರೆ ಜ್ಯುವೆಲ್, ರತ್ನ. ಸಂಘವನ್ನು ಸ್ಥಾಪಿಸಿದ ಏಳು ಮಂದಿಯನ್ನು ಅವರು ಏಳು ರತ್ನಗಳೆಂದು ಕರೆಯುತ್ತಾರೆ. ನಾನು ಕೆ.ಎಲ್.ಇ. ಸಂಸ್ಥೆಯ ಕಾಲೇಜಿನಲ್ಲಿ ಓದಿದವನು. 1916ರಲ್ಲಿ ಬೆಳಗಾವಿಯಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರನ್ನು ನಾವು ಸಪ್ತರ್ಷಿಗಳೆನ್ನುತ್ತೇವೆಂದು ಹೇಳಿದಾಗ ಮೇಷ್ಟ್ರು ಆ ಪದವನ್ನು ಎರಡು ಸಲ ಹೇಳಿಸಿಕೊಂಡು, ತಾವೂ ಹೇಳಿ ನೋಡಿದರು.

ಆ ತಣ್ಣನೆಯ ಕಲ್ಲಿನ ಮೇಲೆ ಕುಳಿತು ಅವರು ಹೇಳಿದ ಕತೆ ಇದು. 1904ರಲ್ಲಿ ಕಾರ್ನೆಲ್‌ನಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಮಂದಿ 1905ರ ತರಗತಿಗಳಿಗೆ ಮರಳಿ ಬರಲೇ ಇಲ್ಲ. ಇದ್ದವರೇ ಬೆರಳೆಣಿಕೆಯಷ್ಟು. ಅದರಲ್ಲಿ ಆರು ಮಂದಿ ಕಾಣೆಯಾದರೆ ಉಳಿದವರ ಎದೆ ಹೇಗೆ ಒಡೆದಿರಬೇಡ. ಒಟ್ಟಿಗೆ ಓದಲು ಜೊತೆಯಿಲ್ಲ, ಬಿಳಿಯ ವಿದ್ಯಾರ್ಥಿಗಳ ಭ್ರಾತೃಸಂಘಗಳಲ್ಲಿ ಪ್ರವೇಶವಿಲ್ಲ. ಅವುಗಳ ಮನೆಗಳಲ್ಲಿ ತಟ್ಟೆ ಹಿಡಿದು ಬಡಿಸುವ ಕೆಲಸಕ್ಕೆ ಮಾತ್ರ ಒಳಗೆ ಹೋಗಬಹುದಾಗಿತ್ತು. ಉಳಿದ ಹುಡುಗರು ಮುಂದೆ ಯಾರೂ ಹೀಗೆ ಬಿಟ್ಟುಹೋಗಬಾರದೆಂದು ಮೊದಲು ಒಂದು ಓದಿನ ಗುಂಪು ಕಟ್ಟಿಕೊಂಡರು. ಅದು ಗುಂಪಾಗಿಯೇ ಇರಬೇಕೇ, ಭ್ರಾತೃಸಂಘವಾಗಬೇಕೇ ಎಂದು ತಿಂಗಳುಗಟ್ಟಲೆ ವಾದ ನಡೆಯಿತು. ಕೊನೆಗೆ 1906ರ ಡಿಸೆಂಬರ್ 4ರಂದು ಈಸ್ಟ್ ಸ್ಟೇಟ್ ಬೀದಿಯ 411ನೆಯ ನಂಬರಿನ ಮನೆಯಲ್ಲಿ ಸೇರಿ ಭ್ರಾತೃಸಂಘವೆಂದು ತೀರ್ಮಾನಿಸಿದರು. ಹೆನ್ರಿ ಆರ್ಥರ್ ಕ್ಯಾಲಿಸ್, ಚಾರ್ಲ್ಸ್ ಹೆನ್ರಿ ಚಾಪ್‌ಮನ್, ಯೂಜೀನ್ ಕಿಂಕಲ್ ಜೋನ್ಸ್, ಜಾರ್ಜ್ ಬಿಡಲ್ ಕೆಲ್ಲಿ, ನಥೇನಿಯಲ್ ಆಲಿಸನ್ ಮರ್ರೆ, ರಾಬರ್ಟ್ ಹೆರಾಲ್ಡ್ ಓಗಲ್, ವರ್ಟ್ನರ್ ವುಡ್‌ಸನ್ ಟ್ಯಾಂಡಿ ಎಂಬ ಏಳು ಹೆಸರುಗಳನ್ನು ಮೇಷ್ಟ್ರು ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದರು.

ಆ ಆರು ಮಂದಿ ಯಾರೆಂದು ನಾನು ಕೇಳಿದೆ. ಅವರು ತಮ್ಮ ಚೀಲವನ್ನು ಮುಟ್ಟಿ, “ಅವರೇ ನನ್ನ ಖಾಲಿ ಸಾಲುಗಳು, ಯಂಗ್ ಮ್ಯಾನ್. ಈ ಸಂಘ ಹುಟ್ಟಿದ್ದೇ ಬಾರದವರಿಂದ,” ಎಂದರು. ನನಗೆ ಐವತ್ತೆರಡಾದರೂ ಅವರಿಗೆ ನಾನಿನ್ನೂ ಯಂಗ್ ಮ್ಯಾನ್.

ಏಳು ಮಂದಿಯಲ್ಲಿ ಮೇಷ್ಟ್ರಿಗೆ ಹೆಚ್ಚು ಆಪ್ತರಾದವರು ಯೂಜೀನ್ ಕಿಂಕಲ್ ಜೋನ್ಸ್. ಇಬ್ಬರೂ ರಿಚ್ಮಂಡಿನವರು, ಇಬ್ಬರೂ ಅಲ್ಲಿಯ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಪದವಿ ಮುಗಿಸಿ ಉನ್ನತ ವ್ಯಾಸಂಗಕ್ಕೆಂದು ಕಾರ್ನೆಲ್‌ಗೆ ಬಂದ ಜೋನ್ಸ್, 1906ರ ಅಕ್ಟೋಬರಿನಲ್ಲಿ ನಡೆದ ಆ ಗುಂಪಿನ ಮೊದಲ ದೀಕ್ಷೆಯಲ್ಲಿ ಒಳಗೆ ಬಂದರು. ಮರುವರ್ಷ ಶಾಖೆಯನ್ನು ಮುನ್ನಡೆಸಿದರು. ಆದರೆ ಇಥಾಕಾದ ಒಂದು ಶಾಖೆಯಿಂದ ಏನಾಗುತ್ತದೆ? 1907ರ ಡಿಸೆಂಬರ್ ರಜೆಯಲ್ಲಿ ಜೋನ್ಸ್ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ಶಾಖೆಯನ್ನೂ, ಹತ್ತು ದಿನಗಳ ಅಂತರದಲ್ಲಿ ತಮ್ಮ ಹಳೆಯ ಕಾಲೇಜಿನಲ್ಲಿ ಮೂರನೆಯದನ್ನೂ ಸ್ಥಾಪಿಸಿ ಬಂದರು. ಮೇಷ್ಟ್ರು ಸೇರಿದ್ದು ಆ ಮೂರನೆಯ ಶಾಖೆಯನ್ನು, ಗಾಮಾ ಎಂಬುದನ್ನು. ಚಳಿಗಾಲದ ರಜೆಯಲ್ಲಿ ಮನೆಗೆ ಹೊರಟ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ದಾರಿಯಲ್ಲಿ ಮಾಡಿದ ಕೆಲಸದಿಂದ ಐವತ್ತೈದು ವರ್ಷದ ನಂತರ ತಮಗೊಂದು ಮನೆ ಸಿಕ್ಕಿತೆಂದು ಅವರು ಹೇಳಿದಾಗ, ಈ ಪ್ರಯಾಣವನ್ನು ಅವರು ಇಥಾಕಾದಿಂದಲೇ ಏಕೆ ಆರಂಭಿಸಬಯಸಿದರೆಂಬುದು ನನಗೆ ಅರ್ಥವಾಯಿತು. ನಾವು ಅದೇ ದಾರಿಯಲ್ಲಿ ಹೋಗುತ್ತಿದ್ದೆವು.

ಊರು ಬಿಡುವ ಮುನ್ನ ಸ್ಟೇಟ್ ಬೀದಿಯಲ್ಲಿ ಕಾರನ್ನು ನಿಧಾನವಾಗಿ ಓಡಿಸಿದೆ. ಆ ಬೀದಿಯ ಫಲಕದಲ್ಲಿ ಈಗ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರೂ ಇದೆ. ಕಿಂಗ್ ಅವರು ಬಾಸ್ಟನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, 1952ರಲ್ಲಿ, ಇದೇ ಸಂಘಕ್ಕೆ ಸೇರಿದವರು. ಮೇಷ್ಟ್ರು ಫಲಕದ ಫೋಟೋ ತೆಗೆಯಲು ಹೇಳಿದರು. ರಾತ್ರಿ ಎಡಿಸನ್‌ನಲ್ಲೇ ಮಲಗಿದೆವು.

ಮೂರನೆಯ ದಿನ

ಕಾರು ಬಿಟ್ಟು ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಸಬ್‌ವೇಯಲ್ಲಿ ಹಾರ್ಲೆಮ್‌ನ 135ನೆಯ ಬೀದಿಯಲ್ಲಿ ಇಳಿದೆವು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಶೊಂಬರ್ಗ್ ಕೇಂದ್ರ. ಆಫ್ರಿಕನ್ ಮೂಲದ ಜನರ ಚರಿತ್ರೆಗೆ ಸಂಬಂಧಿಸಿದ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಬದುಕಿಡೀ ಕೂಡಿಸಿದ ಆರ್ತುರೋ ಶೊಂಬರ್ಗ್ ಅವರ ಸಂಗ್ರಹವನ್ನು 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಎಂಬ ದತ್ತಿಸಂಸ್ಥೆ ಹತ್ತು ಸಾವಿರ ಡಾಲರಿಗೆ ಕೊಂಡು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟಿತು. ಆ ಕಾರ್ಪೊರೇಷನ್ನನ್ನು ಒಪ್ಪಿಸಿದ್ದು ನಗರಗಳಿಗೆ ಬಂದ ಕಪ್ಪು ಜನರಿಗೆ ನೆರವಾಗುತ್ತಿದ್ದ ಅರ್ಬನ್ ಲೀಗ್ ಎಂಬ ಸಂಸ್ಥೆ. ಅರ್ಬನ್ ಲೀಗಿನ ಚುಕ್ಕಾಣಿ ಆಗ ಜೋನ್ಸ್ ಅವರ ಕೈಯಲ್ಲಿತ್ತು.

ಜೋನ್ಸ್ ಅವರ ನಿಜವಾದ ಬದುಕು ಇಲ್ಲಿ, ನ್ಯೂಯಾರ್ಕಿನಲ್ಲಿ ಕಳೆಯಿತು. ಲೂಯಿವಿಲ್‌ನಲ್ಲಿ ಕೆಲಕಾಲ ಪಾಠ ಹೇಳಿ, 1911ರಲ್ಲಿ ಅವರು ಆಗಷ್ಟೇ ಹುಟ್ಟಿದ್ದ ಅರ್ಬನ್ ಲೀಗ್ ಸೇರಿದರು. ದಕ್ಷಿಣದ ಹೊಲಗಳಲ್ಲಿ ಬದುಕು ದುಸ್ತರವಾಗಿ, ಮೊದಲ ಮಹಾಯುದ್ಧದ ಕಾಲದಲ್ಲಿ ಉತ್ತರದ ಕಾರ್ಖಾನೆಗಳು ಕೈಗಳಿಗಾಗಿ ಕಾದಿದ್ದಾಗ, ಲಕ್ಷಾಂತರ ಕಪ್ಪು ಜನರು ರೈಲು ಹತ್ತಿ ನ್ಯೂಯಾರ್ಕ್, ಷಿಕಾಗೋ, ಡೆಟ್ರಾಯಿಟ್ ನಗರಗಳಿಗೆ ಬಂದಿಳಿದರು. ಬಂದವರಿಗೆ ಕೆಲಸ ಹುಡುಕಿಕೊಡುವುದು, ಇರಲು ಜಾಗ ಕೊಡಿಸುವುದು, ಕಾರ್ಖಾನೆಯ ಮಾಲೀಕರ ಬಾಗಿಲು ತಟ್ಟುವುದು, ಇದನ್ನೆಲ್ಲ ಮಾಡಬಲ್ಲ ತರಬೇತಾದ ಸಮಾಜ ಕಾರ್ಯಕರ್ತರನ್ನು ಕಪ್ಪು ಯುವಕ ಯುವತಿಯರಲ್ಲೇ ಸಿದ್ಧಗೊಳಿಸುವುದು ಲೀಗಿನ ಕೆಲಸವಾಗಿತ್ತು. “ಭಿಕ್ಷೆಯಲ್ಲ, ಅವಕಾಶ” ಎಂಬುದು ಅದರ ಧ್ಯೇಯವಾಕ್ಯ. 1917ರಿಂದ 1940ರವರೆಗೆ ಆ ಸಂಸ್ಥೆಯನ್ನು ಕಾರ್ಯದರ್ಶಿಯಾಗಿ ನಡೆಸಿದವರು ಜೋನ್ಸ್. 1923ರಲ್ಲಿ ಲೀಗ್ ಆರಂಭಿಸಿದ ಮಾಸಪತ್ರಿಕೆಗೂ ಅವಕಾಶ ಎಂಬ ಅರ್ಥದ ಹೆಸರನ್ನೇ ಇಟ್ಟಿತು. ಸಮಾಜವಿಜ್ಞಾನಿ ಚಾರ್ಲ್ಸ್ ಎಸ್. ಜಾನ್ಸನ್ ಅದರ ಸಂಪಾದಕರು. 1925ರಲ್ಲಿ ಆ ಪತ್ರಿಕೆ ನಡೆಸಿದ ಸಾಹಿತ್ಯ ಸ್ಪರ್ಧೆಯಲ್ಲಿ ಕವಿತೆಗೆ ಮೊದಲ ಬಹುಮಾನ ಪಡೆದವರು ಲ್ಯಾಂಗ್‌ಸ್ಟನ್ ಹ್ಯೂಸ್. ಆ ಕವಿಯ ಚಿತಾಭಸ್ಮ ಇದೇ ಶೊಂಬರ್ಗ್ ಕೇಂದ್ರದ ನೆಲದಡಿಯಲ್ಲಿದೆ. ಆ ನೆಲದ ಮೇಲಿನ ವೃತ್ತಾಕಾರದ ವಿನ್ಯಾಸದ ಅಂಚಿನಲ್ಲಿ ನಾವಿಬ್ಬರೂ ಸುಮ್ಮನೆ ನಿಂತೆವು. ಮೇಷ್ಟ್ರು ಟೊಪ್ಪಿ ತೆಗೆದು ಎದೆಗೆ ಹಿಡಿದಿದ್ದರು.

ಕೆಲಸ ಹುಡುಕಿಕೊಡುವವರ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲುವುದಿಲ್ಲ. ಭಾಷಣ ಮಾಡಿದವರು ನೆನಪಿರುತ್ತಾರೆ, ಕವಿಗಳು ನೆನಪಿರುತ್ತಾರೆ. ಆದರೆ ಕವಿಗೆ ಬಹುಮಾನದ ಹಣ ಹೊಂದಿಸಿದ, ಗ್ರಂಥಾಲಯಕ್ಕೆ ಪುಸ್ತಕ ಬರುವಂತೆ ಪತ್ರ ಬರೆದ, ಊರಿಗೆ ಹೊಸದಾಗಿ ಬಂದ ಬಡಗಿಗೆ ಉಳಿ ಹಿಡಿಯುವ ಜಾಗ ತೋರಿಸಿದ ಕಾರ್ಯದರ್ಶಿಯನ್ನು ಯಾರು ನೆನೆಯುತ್ತಾರೆ? ಜೋನ್ಸ್ ಅವರನ್ನು ಅವರ ಸ್ವಂತ ಭ್ರಾತೃಸಂಘವೇ ಸಂಸ್ಥಾಪಕರೆಂದು ಅಂತಿಮವಾಗಿ ಒಪ್ಪಿಕೊಂಡಿದ್ದು 1952ರಲ್ಲಿ. ಅವರು ತೀರಿಕೊಂಡಿದ್ದು 1954ರ ಜನವರಿಯಲ್ಲಿ. ನಲವತ್ತಾರು ವರ್ಷದ ದುಡಿಮೆಗೆ ಸಂದ ಆ ಗೌರವವನ್ನು ಅವರು ಅನುಭವಿಸಿದ್ದು ಎರಡು ವರ್ಷವಷ್ಟೇ. ಇದನ್ನು ಕೇಳಿದ ಮೇಲೆ ರಿಚ್ಮಂಡಿನ ಗೆಳೆಯರು ಮೇಷ್ಟ್ರನ್ನು ಈಗಲಾದರೂ ಕರೆದರಲ್ಲ ಎಂಬ ಸಮಾಧಾನ ನನ್ನಲ್ಲಿ ಹೆಚ್ಚಿತು.

134ನೆಯ ಬೀದಿಯಲ್ಲಿರುವ ಸೇಂಟ್ ಫಿಲಿಪ್ಸ್ ಚರ್ಚನ್ನೂ ನೋಡಿದೆವು. ಏಳು ರತ್ನಗಳಲ್ಲಿ ಒಬ್ಬರಾದ ಟ್ಯಾಂಡಿ, ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತರಾದ ಮೊದಲ ಕಪ್ಪು ವಾಸ್ತುಶಿಲ್ಪಿ, ತಮ್ಮ ಜೊತೆಗಾರ ಜಾರ್ಜ್ ವಾಷಿಂಗ್ಟನ್ ಫಾಸ್ಟರ್ ಅವರೊಂದಿಗೆ ಸೇರಿ ಕಟ್ಟಿದ ಇಟ್ಟಿಗೆಯ ಚರ್ಚು. ಬಾಗಿಲು ಮುಚ್ಚಿತ್ತು. ಮೇಷ್ಟ್ರು ಗೋಡೆಯ ಇಟ್ಟಿಗೆಯ ಮೇಲೆ ಅಂಗೈ ಇಟ್ಟು, ಆಮೇಲೆ ಹೊರಟರು.

ನಾಲ್ಕನೆಯ ದಿನ

ವಾಷಿಂಗ್ಟನ್‌ನಲ್ಲಿ ಹೆಚ್ಚು ಹೊತ್ತು ಸಿಗಲಿಲ್ಲ. ದಾರಿಯುದ್ದಕ್ಕೂ ಮಳೆ ಸುರಿದು ನಾಲ್ಕು ಗಂಟೆಯ ಹಾದಿ ಆರು ಗಂಟೆಯಾಯಿತು. ಹೋವರ್ಡ್ ವಿಶ್ವವಿದ್ಯಾಲಯದ ಮುಂದೆ ಕಾರಿನಲ್ಲೇ ಹಾದುಹೋದೆವು. ಹದಿನಾಲ್ಕನೆಯ ಬೀದಿಯ ವಾಣಿಜ್ಯ ಇಲಾಖೆಯ ಭಾರಿ ಕಟ್ಟಡವನ್ನು ಮೇಷ್ಟ್ರು ಕೈತೋರಿಸಿದರು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಜೋನ್ಸ್ ಅವರನ್ನು ಆ ಇಲಾಖೆಗೆ ಕಪ್ಪು ಜನರ ವ್ಯವಹಾರಗಳ ಸಲಹೆಗಾರರನ್ನಾಗಿ ಕರೆಸಿಕೊಂಡಿತ್ತು. ಮೇರಿ ಮೆಕ್‌ಲಿಯಡ್ ಬೆಥೂನ್, ರಾಬರ್ಟ್ ವೀವರ್ ಮೊದಲಾದ ಕಪ್ಪು ಸಲಹೆಗಾರರಿದ್ದ, ಪತ್ರಿಕೆಗಳು ಬ್ಲ್ಯಾಕ್ ಕ್ಯಾಬಿನೆಟ್ ಎಂದು ಕರೆದ ಬಳಗದಲ್ಲಿ ಅವರೂ ಒಬ್ಬರಾಗಿದ್ದರು.

ಸಂಜೆ ಮಳೆ ನಿಂತಿತು. ಟೈಡಲ್ ಬೇಸಿನ್ ದಂಡೆಯ ಮೇಲಿರುವ ಕಿಂಗ್ ಸ್ಮಾರಕಕ್ಕೆ ಹೋದೆವು. ಇಬ್ಭಾಗವಾದ ಕಲ್ಲುಬೆಟ್ಟದ ನಡುವಿನ ದಾರಿಯಲ್ಲಿ ನಡೆದು ಮುಂದೆ ಹೋದರೆ, ಆ ಬೆಟ್ಟದಿಂದಲೇ ಬೇರ್ಪಟ್ಟು ಮುಂದೆ ಸರಿದಂತಿರುವ ಮೂವತ್ತು ಅಡಿ ಎತ್ತರದ ಬಂಡೆಯಲ್ಲಿ ಕಿಂಗ್ ಕೈಕಟ್ಟಿ ನಿಂತಿದ್ದಾರೆ. ಇಂಥದೊಂದು ಸ್ಮಾರಕ ಬೇಕೆಂದು 1984ರಲ್ಲಿ ಪ್ರಸ್ತಾವ ಮುಂದಿಟ್ಟದ್ದು ಆಲ್ಫಾ ಫೈ ಆಲ್ಫಾ ಸಂಘದ ಸದಸ್ಯರು. ಅಮೆರಿಕದ ಸಂಸತ್ತು ಅನುಮತಿ ಕೊಟ್ಟದ್ದು 1996ರಲ್ಲಿ. ಹಣ ಕೂಡಿಸಿ, ಶಿಲ್ಪಿಯನ್ನು ಆರಿಸಿ, ಜನರಿಗೆ ತೆರೆದದ್ದು 2011ರ ಆಗಸ್ಟಿನಲ್ಲಿ. ಇಪ್ಪತ್ತೇಳು ವರ್ಷ. ಮೇಷ್ಟ್ರ ಶಾಖೆಯವರು ಮೀನು ಕರಿದು ಮಾರಿ, ಕಾರು ತೊಳೆದು, ಪ್ರತಿ ವರ್ಷ ಒಂದಿಷ್ಟು ಕಳಿಸುತ್ತಿದ್ದರಂತೆ. “ಆ ಬಂಡೆಯಲ್ಲಿ ಎಲ್ಲೋ ನಮ್ಮ ಮೀನಿನ ವಾಸನೆಯೂ ಇದೆ,” ಎಂದು ಹೇಳಿ ಅವರು ಬಹಳ ಹೊತ್ತು ಮೇಲಕ್ಕೆ ನೋಡುತ್ತ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು.

ಐದನೆಯ ದಿನ

ರಿಚ್ಮಂಡಿಗೆ ಬೆಳಗ್ಗೆ ಹತ್ತಕ್ಕೆ ಬಂದೆವು. ಸನ್ಮಾನ ಸಂಜೆ ಆರಕ್ಕೆ. ನಡುವಿನ ಎಂಟು ಗಂಟೆ ಮೇಷ್ಟ್ರು ತಮ್ಮ ಊರನ್ನು ನನಗೆ ತೋರಿಸಿದರು. ಈ ದಿನವನ್ನು ನಾನು ಮರೆಯಲಾರೆ.

ಮೊದಲು ಶಾಕೋ ಬಾಟಮ್ ಎಂಬ ತಗ್ಗಿನ ಪ್ರದೇಶ. ಹೆದ್ದಾರಿಯ ಸದ್ದು ನಿಲ್ಲದ, ಮೇನ್ ಸ್ಟ್ರೀಟ್ ರೈಲು ನಿಲ್ದಾಣದ ಹಿಂದಿನ ಹುಲ್ಲುಗಾವಲು. ನೋಡಲು ಏನೂ ಇಲ್ಲ. ಆದರೆ ಇಲ್ಲೇ ರಾಬರ್ಟ್ ಲಂಪ್ಕಿನ್ ಎಂಬ ಗುಲಾಮರ ವ್ಯಾಪಾರಿಯ ಸೆರೆಮನೆ ಇತ್ತು. ಹರಾಜಿಗೆ ಮುಂಚೆ ಮನುಷ್ಯರನ್ನು ಕೂಡಿಹಾಕುತ್ತಿದ್ದ ಆ ಜಾಗವನ್ನು ಜನರು ದೆವ್ವದ ಅರ್ಧ ಎಕರೆ ಎಂದು ಕರೆಯುತ್ತಿದ್ದರು. ಲಂಪ್ಕಿನ್ ಸತ್ತ ಮೇಲೆ ಆಸ್ತಿ ಮೇರಿ ಲಂಪ್ಕಿನ್ ಕೈಗೆ ಬಂತು. ಆಕೆ ಅವನ ಗುಲಾಮಳಾಗಿದ್ದವಳು, ಅವನ ಮಕ್ಕಳ ತಾಯಿ. 1867ರಲ್ಲಿ ನಥೇನಿಯಲ್ ಕಾಲ್ವರ್ ಎಂಬ ವೃದ್ಧ ಪಾದ್ರಿ, ಬಿಡುಗಡೆಯಾದ ಗುಲಾಮರಿಗೆ ಶಾಲೆ ನಡೆಸಲು ಊರಲ್ಲಿ ಎಲ್ಲೂ ಜಾಗ ಸಿಗದೆ ಅಲೆಯುತ್ತಿದ್ದಾಗ, ಮೇರಿ ಆ ಸೆರೆಮನೆಯನ್ನೇ ಬಾಡಿಗೆಗೆ ಕೊಟ್ಟಳು. ಕಿಟಕಿಯ ಕಂಬಿಗಳನ್ನು ಕಿತ್ತು ಅಲ್ಲಿ ಪಾಠ ಆರಂಭವಾಯಿತು. ಆ ಶಾಲೆ ಬೆಳೆದು, ಬೇರೆ ಶಾಲೆಗಳೊಡನೆ ಕೂಡಿ, 1899ರಲ್ಲಿ ವರ್ಜೀನಿಯಾ ಯೂನಿಯನ್ ಆಯಿತು.

ಜೋನ್ಸ್ ಅವರ ತಂದೆ ಜೋಸೆಫ್ ಎಂಡಮ್ ಜೋನ್ಸ್ ಲಿಂಚ್‌ಬರ್ಗ್‌ನಲ್ಲಿ ಗುಲಾಮರಾಗಿ ಹುಟ್ಟಿ, ಬಾಲ್ಯದಲ್ಲೇ ತಂಬಾಕು ಕಾರ್ಖಾನೆಗೆ ದುಡಿಯಲು ಹೋದವರು. ಗುಲಾಮರ ಮಕ್ಕಳಿಗೆ ಅಕ್ಷರ ನಿಷಿದ್ಧವಾಗಿದ್ದ ಕಾಲದಲ್ಲಿ ಅವರ ತಾಯಿ ಇನ್ನೊಬ್ಬ ಗುಲಾಮನಿಂದ ಕದ್ದುಮುಚ್ಚಿ ಮಗನಿಗೆ ಓದು ಹೇಳಿಸಿದಳು. ಅದು ಗೊತ್ತಾಗಿ ಆ ಗುರುವನ್ನು ಮಾರಿಬಿಟ್ಟರು. ಆಮೇಲೆ ಕಾಯಿಲೆ ಬಿದ್ದಿದ್ದ ಒಬ್ಬ ದಕ್ಷಿಣದ ಸೈನಿಕನಿಗೆ ಊಟ ಕೊಟ್ಟು, ಅದಕ್ಕೆ ಬದಲಾಗಿ ಪಾಠ ಹೇಳಿಸಿದಳೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಆ ಹುಡುಗ ಮುಂದೆ ಪದವೀಧರನಾಗಿ, ಇದೇ ರಿಚ್ಮಂಡಿನಲ್ಲಿ ಪ್ರಾಧ್ಯಾಪಕನಾದ. ಯೂಜೀನ್ ಅವರ ತಾಯಿ ರೋಸಾ ಕಿಂಕಲ್ ಸಂಗೀತ ಕಲಿಸುತ್ತಿದ್ದರು. ಇಂಥ ಮನೆಯಲ್ಲಿ 1885ರಲ್ಲಿ ಹುಟ್ಟಿದ ಯೂಜೀನ್‌ಗೆ, ಕಾರ್ನೆಲ್‌ಗೆ ಮರಳಿ ಬಾರದ ಆರು ಮಂದಿಯ ಸುದ್ದಿ ಕೇಳಿದಾಗ, ತನ್ನ ಅಜ್ಜಿ ಊಟ ಕೊಟ್ಟು ಕೊಂಡ ಪಾಠ ನೆನಪಾಗಿರಲೇಬೇಕೆಂದು ಮೇಷ್ಟ್ರು ನಂಬಿದ್ದಾರೆ. ನಾನೂ ನಂಬುತ್ತೇನೆ.

ಜ್ಯಾಕ್ಸನ್ ವಾರ್ಡ್ ಬಡಾವಣೆಯಲ್ಲಿ ಮ್ಯಾಗಿ ವಾಕರ್ ಅವರ ಮನೆಗೆ ಹೋದೆವು. ಸೇಂಟ್ ಲ್ಯೂಕ್ ಎಂಬ ಪರಸ್ಪರ ಸಹಾಯದ ಭ್ರಾತೃಸಂಘವನ್ನು 1899ರಿಂದ 1934ರಲ್ಲಿ ತೀರಿಕೊಳ್ಳುವವರೆಗೆ ಮುನ್ನಡೆಸಿ, 1903ರಲ್ಲಿ ಅದರ ಹೆಸರಿನಲ್ಲಿ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದವರು ಅವರು. ಬಟ್ಟೆ ಒಗೆಯುವವಳ ಮಗಳು. ಮೇಷ್ಟ್ರ ಅಜ್ಜಿಯೂ ಆ ಬ್ಯಾಂಕಿನಲ್ಲಿ ಪೆನ್ನಿ ಪೆನ್ನಿಯಾಗಿ ಉಳಿಸಿದವರಂತೆ. ಬ್ರಾಡ್ ಬೀದಿಯಲ್ಲಿ ವಾಕರ್ ಅವರ ಪ್ರತಿಮೆ ನಿಂತದ್ದು 2017ರಲ್ಲಿ, ಅವರು ಹೋಗಿ ಎಂಬತ್ತಮೂರು ವರ್ಷದ ಮೇಲೆ.

ವರ್ಜೀನಿಯಾ ಯೂನಿಯನ್‌ನ ಬೂದುಬಣ್ಣದ ಗ್ರಾನೈಟ್ ಕಟ್ಟಡಗಳ ನಡುವೆ ನಡೆಯುವಾಗ ಮೇಷ್ಟ್ರ ಕೋಲು ಅವರಿಗೆ ಬೇಡವೆನಿಸಿದಂತಿತ್ತು. ತಾವು ಕಾಲೇಜು ಸೇರುವುದಕ್ಕೆ ಒಂದು ವರ್ಷ ಮೊದಲು, 1960ರ ಫೆಬ್ರುವರಿ 22ರಂದು, ಇಲ್ಲಿಂದ ಹೊರಟು ಪೇಟೆಯ ದೊಡ್ಡ ಅಂಗಡಿಯ ಬಿಳಿಯರ ಊಟದ ಸಾಲಿನಲ್ಲಿ ಕುಳಿತು ಬಂಧನಕ್ಕೊಳಗಾದ ಮೂವತ್ನಾಲ್ಕು ವಿದ್ಯಾರ್ಥಿಗಳ ಬಗ್ಗೆ ಹೇಳಿದರು. ಆ ಹಿರಿಯರಿಂದಲೇ ತಾವು ಸಂಘದ ಧ್ಯೇಯವಾಕ್ಯವನ್ನು ಕಲಿತದ್ದೆಂದು ನೆನೆದರು: ಎಲ್ಲರಿಗಿಂತ ಮೊದಲಿಗರಾಗಿ, ಎಲ್ಲರ ಸೇವಕರಾಗಿ, ನಾವು ಎಲ್ಲವನ್ನೂ ಮೀರುತ್ತೇವೆ.

ಸಂಜೆಯ ಸಭಾಂಗಣದಲ್ಲಿ ಇನ್ನೂರಕ್ಕೂ ಹೆಚ್ಚು ಜನ. ವೈದ್ಯರು, ಬಸ್ ಚಾಲಕರು, ಒಬ್ಬ ನ್ಯಾಯಾಧೀಶ, ಇಬ್ಬರು ಪಾದ್ರಿಗಳು, ಕೆಲವರು ಮೊಮ್ಮಕ್ಕಳನ್ನು ಎತ್ತಿಕೊಂಡವರು. ಎಲ್ಲರೂ ಒಮ್ಮೆ ಆ ಲೆಕ್ಕದ ಪುಸ್ತಕದ ಸಾಲುಗಳು. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಹೆಸರು, ಬಂದ ವರ್ಷ ಹೇಳಿದರು. ಉದ್ದನೆಯ ಭಾಷಣಗಳಿರಲಿಲ್ಲ. ಫಲಕ ಕೊಟ್ಟ ಮೇಲೆ ನನ್ನನ್ನು ಕರೆದರು. ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ನಮ್ಮ ನಾಡಿನಲ್ಲಿ ಗುರುವನ್ನು ಹೀಗೆ ಗೌರವಿಸುತ್ತೇವೆಂದು ಹೇಳಿ, ಅವರ ಪಾದ ಮುಟ್ಟಿ ನಮಸ್ಕರಿಸಿದೆ. ಅವರು ಗಾಬರಿಯಿಂದ ನನ್ನನ್ನು ಎಬ್ಬಿಸಿದರು. ಆಮೇಲೆ ಹಾರದ ಒಂದು ಏಲಕ್ಕಿಯನ್ನು ಮೂಗಿಗೆ ಹಿಡಿದು, ಐದು ದಿನದಿಂದ ಕಾರಿನಲ್ಲಿ ಬರುತ್ತಿದ್ದ ವಾಸನೆ ಇದೇ ಏನು ಎಂದು ಕೇಳಿದರು. ಕೊನೆಗೆ ಭ್ರಾತೃಗಳೆಲ್ಲ ಅವರನ್ನು ನಡುವೆ ನಿಲ್ಲಿಸಿಕೊಂಡು, ಹೆಗಲಿಗೆ ಹೆಗಲು ಸೇರಿಸಿ ಹಾಡಿದರು.

ಜನ ಕರಗುತ್ತಿದ್ದಾಗ, ಕೆಲಸದ ಅಂಗಿಯಲ್ಲೇ ಬಂದಿದ್ದ, ನಲವತ್ತು ದಾಟಿದ ಒಬ್ಬಾತ ಹಿಂದಿನ ಸಾಲಿನಿಂದ ಎದ್ದು ಬಂದ. “ಸರ್, 1996ರ ಪುಟದಲ್ಲಿ ನಾನಿರಬೇಕು,” ಎಂದ. ಮೇಷ್ಟ್ರು ಎರಡನೆಯ ಪುಸ್ತಕ ತೆಗೆದು ನೋಡಿದರು. ಹೆಸರಿತ್ತು. ನಾಲ್ಕನೆಯ ಕಾಲಮ್ಮು ಖಾಲಿಯಿತ್ತು. “ಈಗಲೂ ಖಾಲಿಯೇ, ಸರ್. ನಾನು ಹೋಗಲಿಲ್ಲ. ಲಾರಿ ರಿಪೇರಿ ಮಾಡುತ್ತೇನೆ. ಆದರೆ ನೀವು ಕಲಿಸಿದ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮೇಲೆ ಮಗಳಿಗೆ ಹೇಳಿಕೊಟ್ಟೆ. ಅವಳು ಈ ಆಗಸ್ಟಿನಲ್ಲಿ ಯೂನಿಯನ್ ಸೇರಿದಳು.”

ಮೇಷ್ಟ್ರು ಆ ಖಾಲಿ ಜಾಗದಲ್ಲಿ ಏನನ್ನೂ ಬರೆಯಲಿಲ್ಲ. ಮೂರನೆಯ ಪುಸ್ತಕದ ಹೊಸ ಪುಟ ತೆರೆದು, ಹುಡುಗಿಯ ಪೂರ್ಣ ಹೆಸರು ಕೇಳಿ, ಅಕ್ಷರ ಅಕ್ಷರ ಹೇಳಿಸಿಕೊಂಡು ಬರೆದರು. ಶಾಲೆ ಬರೆದರು. ಮೊದಲು ಬಂದ ದಿನ ಎಂಬಲ್ಲಿ ಅಪ್ಪನ ಹೆಸರು ಬರೆದರು. ನಾಲ್ಕನೆಯ ಕಾಲಮ್ಮಿಗೆ ಬಂದಾಗ, ಸೇರಿದ ತಾರೀಖು ಯಾವುದೆಂದು ಕೇಳಿದರು. ಆತನಿಗೆ ನೆನಪಾಗಲಿಲ್ಲ. ಜೇಬಿನಿಂದ ಫೋನ್ ತೆಗೆದು ಮಗಳಿಗೆ ಕರೆ ಮಾಡಿದ. ಅವಳು ಎತ್ತುವವರೆಗೂ ಮೇಷ್ಟ್ರು ಪೆನ್ನಿನ ಮೊನೆಯನ್ನು ಕಾಗದದ ಮೇಲೆ ಹಿಡಿದುಕೊಂಡೇ ಕಾದರು.